ಐಚ್ಛಿಕ ಶಸ್ತ್ರಚಿಕಿತ್ಸೆ: ಇಚ್ಛೆ ಯಾರದು?

ಆಸ್ಪತ್ರೆಯ ದಾಖಲೆಗಳಲ್ಲಿ, ವಿಮಾ ಸಂಸ್ಥೆಗಳ ನಿಯಮಾವಳಿಗಳಲ್ಲಿ, ಸರ್ಕಾರದ ಸುತ್ತೋಲೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ‘ತುರ್ತು’ ಮತ್ತು ‘ಐಚ್ಛಿಕ’ ಎಂದು ಎರಡಾಗಿ ವಿಂಗಡಿಸುವುದು ಈಗ ರೂಢಿಯಾಗಿದೆ. ತುರ್ತು ಎಂಬ ಮಾತಿನ ಅರ್ಥ ಎಲ್ಲರಿಗೂ ವಿದಿತ. ಐಚ್ಛಿಕ ಎಂಬುದು ಹಾಗಲ್ಲ. ‘ಇಚ್ಛಾ’ ಶಬ್ದಕ್ಕೆ ಪ್ರತ್ಯಯ ಸೇರಿ, ಆದಿಸ್ವರಕ್ಕೆ ವೃದ್ಧಿಯಾಗಿ ‘ಐಚ್ಛಿಕ’ವಾಗುತ್ತದೆ. ಇಚ್ಛೆಗೆ ಸಂಬಂಧಪಟ್ಟದ್ದು ಎಂದು ಅದರ ಅರ್ಥ. ಆದರೆ ಇಲ್ಲಿ ಇಚ್ಛೆ ಯಾರದು? ರೋಗಿಯದೇ, ವೈದ್ಯನದೇ, ರೋಗಿಯ ಬಂಧುಗಳದೇ, ಹಣ ತೆರುವ ಸಂಸ್ಥೆಯದೇ? ವ್ಯಾಕರಣ ಇದಕ್ಕೆ ಉತ್ತರ ಹೇಳುವುದಿಲ್ಲ. ವೈದ್ಯಕೀಯ ಚರಿತ್ರೆ ಮಾತ್ರ ಸಾಕಷ್ಟು ಸ್ಪಷ್ಟವಾದ ಉತ್ತರವನ್ನೇ ಕೊಡುತ್ತದೆ.

ಯಾವ ಶಸ್ತ್ರಕ್ರಿಯೆ ಅನಿವಾರ್ಯ, ಯಾವುದು ವಿವೇಚನೆಗೆ ಬಿಟ್ಟದ್ದು ಎಂಬ ವಿಂಗಡಣೆ ಆಧುನಿಕರ ಆವಿಷ್ಕಾರವಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಅದು ಇದೆ. ವೈದ್ಯಕ್ಕೆ ನೇರವಾಗಿ ಸೇರದ ಜೈನ ಆಚಾರಸಾಹಿತ್ಯದಲ್ಲಿಯೂ ಅದರ ಒಂದು ಸೂಕ್ಷ್ಮರೂಪ ಇದೆ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರಶ್ನೆ ಅಂಕಿಸಂಖ್ಯೆಗಳ ಉಡುಪು ತೊಟ್ಟು ಮತ್ತೆ ಎದುರಾಯಿತು. ಈ ಮೂರನ್ನೂ ಒಟ್ಟಿಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಸುಶ್ರುತನ ಮೂರು ಅಳತೆಗಳು

ಸುಶ್ರುತಸಂಹಿತೆಯ ಶಸ್ತ್ರಕರ್ಮ ವಿಭಾಗ ಪ್ರಸಿದ್ಧವಾದುದು. ಛೇದನ, ಭೇದನ, ಲೇಖನ, ವೇಧನ, ಏಷಣ, ಆಹರಣ, ವಿಸ್ರಾವಣ, ಸೀವನ ಎಂದು ಅಲ್ಲಿ ಎಂಟು ಬಗೆ. ಕತ್ತರಿಸಿ ತೆಗೆಯುವುದು, ಸೀಳುವುದು, ಕೆರೆಯುವುದು, ಚುಚ್ಚುವುದು, ಶಲಾಕೆಯಿಂದ ಶೋಧಿಸುವುದು, ಹೊರಗೆಳೆಯುವುದು, ಕೀವು ರಕ್ತಗಳನ್ನು ಹರಿಯಬಿಡುವುದು, ಹೊಲಿಯುವುದು ಎಂದು ಇವುಗಳನ್ನು ತಿಳಿಗನ್ನಡದಲ್ಲಿ ಹೇಳಬಹುದು. ಇದು ಕೈಯ ಕ್ರಿಯೆಯನ್ನು ಆಧರಿಸಿದ ವಿಭಾಗ. ಹೇಗೆ ಮಾಡಬೇಕು ಎಂಬುದನ್ನು ಇದು ಹೇಳುತ್ತದೆ. ಮಾಡಬೇಕೇ ಬೇಡವೇ ಎಂಬುದಕ್ಕೆ ಸಂಹಿತೆಯಲ್ಲಿ ಬೇರೆಯೇ ಅಳತೆಗಳಿವೆ.

ಮೊದಲನೆಯ ಅಳತೆ ಕಾಲ. ಬಾವು ಆಮ, ಪಚ್ಯಮಾನ, ಪಕ್ವ ಎಂಬ ಮೂರು ಅವಸ್ಥೆಗಳನ್ನು ಹಾಯುತ್ತದೆ. ಪಕ್ವವಾದುದನ್ನು ಸೀಳಬೇಕು, ಆಮವನ್ನು ಮುಟ್ಟಬಾರದು. ಹಣ್ಣಾಗದ ಬಾವನ್ನು ಅಜ್ಞಾನದಿಂದ ಸೀಳುವವನನ್ನೂ, ಹಣ್ಣಾದುದನ್ನು ಉಪೇಕ್ಷಿಸುವವನನ್ನೂ ಸುಶ್ರುತ ಒಂದೇ ತಕ್ಕಡಿಯಲ್ಲಿಟ್ಟು ಕಠೋರವಾಗಿ ನಿಂದಿಸುತ್ತಾನೆ. ಮಾಡಬಾರದ್ದನ್ನು ಮಾಡುವುದು, ಮಾಡಬೇಕಾದದ್ದನ್ನು ಬಿಡುವುದು ಎರಡೂ ಸಮಾನ ದೋಷ ಎಂಬ ಈ ಸಮತೋಲ ಮುಖ್ಯ. ಅನಗತ್ಯ ಶಸ್ತ್ರಚಿಕಿತ್ಸೆಯನ್ನು ಕುರಿತ ಚರ್ಚೆ ಅಗತ್ಯ ಶಸ್ತ್ರಚಿಕಿತ್ಸೆಯ ನಿರಾಕರಣೆಯಾಗಬಾರದು ಎಂಬ ಎಚ್ಚರಿಕೆ ಇದರಲ್ಲಿದೆ.

ಎರಡನೆಯ ಅಳತೆ ರೋಗದ ಸ್ವರೂಪ. ಮೂಲವ್ಯಾಧಿಯನ್ನು ಸಾಧಿಸಲು ಭೇಷಜ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಉಪಾಯಗಳನ್ನು ಸಂಹಿತೆ ಹೇಳುತ್ತದೆ. ಇತ್ತೀಚಿನದೂ ಅಲ್ಪಲಕ್ಷಣದ್ದೂ ಆದ ಮೊಳಕೆಗೆ ಔಷಧ ಸಾಕು. ಮೃದುವಾಗಿ ಹರಡಿ ಆಳಕ್ಕಿಳಿದುದಕ್ಕೆ ಕ್ಷಾರ, ಒರಟಾಗಿ ಗಟ್ಟಿಯಾಗಿ ದಪ್ಪವಾಗಿರುವುದಕ್ಕೆ ಅಗ್ನಿ. ಬುಡ ತೆಳ್ಳಗಿದ್ದು ಮೇಲಕ್ಕೆ ಎದ್ದು ನಿಂತು ಒಸರುವುದಕ್ಕೆ ಮಾತ್ರ ಶಸ್ತ್ರ. ಒಂದೇ ಹೆಸರಿನ ರೋಗವಿದ್ದರೂ ಎಲ್ಲರಿಗೂ ಒಂದೇ ಚಿಕಿತ್ಸೆ ಸಲ್ಲದು. ರೋಗದ ಹೆಸರು ಕೇಳಿದೊಡನೆ ಶಸ್ತ್ರವನ್ನು ಕೈಗೆತ್ತಿಕೊಳ್ಳುವುದು ಶಾಸ್ತ್ರಸಮ್ಮತವಲ್ಲ.

ಮೂರನೆಯ ಅಳತೆ ಅಪಾಯ ಮತ್ತು ಅನುಮತಿಗೆ ಸಂಬಂಧಿಸಿದ್ದು. ಮೂತ್ರಾಶಯದ ಕಲ್ಲಿಗೆ ಸಂಸ್ಕೃತದಲ್ಲಿ ಅಶ್ಮರೀ ಎಂದು ಹೆಸರು. ಹೊಸದಾದ ಕಲ್ಲಿಗೆ ಘೃತ, ಕ್ಷಾರ, ಕಷಾಯಗಳು. ಅವುಗಳಿಂದ ಶಮನವಾಗದಿದ್ದರೆ ಮಾತ್ರ ಛೇದನ. ಇಲ್ಲಿ ಸುಶ್ರುತನ ಪ್ರಾಮಾಣಿಕತೆ ಬೆರಗು ಹುಟ್ಟಿಸುವಂಥದು. ಕುಶಲನಾದ ವೈದ್ಯನ ಕೈಯಲ್ಲಿಯೂ ಈ ಕ್ರಿಯೆಯ ಸಿದ್ಧಿ ನಿಶ್ಚಿತವಲ್ಲ. ಆದಕಾರಣ ಇದನ್ನು ಕಟ್ಟಕಡೆಯ ಉಪಾಯವೆಂದು ತಿಳಿಯಬೇಕು ಎನ್ನುತ್ತಾನೆ. ಮಾಡದಿದ್ದರೆ ಮರಣ ಖಂಡಿತ, ಮಾಡಿದರೆ ಫಲ ಸಂದಿಗ್ಧ. ಇಂತಹ ಸ್ಥಿತಿಯಲ್ಲಿ ಒಡೆಯನ ಅಪ್ಪಣೆ ಕೇಳಿಯೇ ಕೈಹಚ್ಚಬೇಕು ಎಂಬುದು ಅವನ ವಿಧಿ.

ಈ ಮೂರನೆಯ ಅಳತೆಯಲ್ಲಿ ಎರಡು ಸಂಗತಿ ಗಮನಾರ್ಹ. ವೈದ್ಯನ ತೀರ್ಮಾನವೊಂದೇ ಸಾಲದು, ಅನಿಶ್ಚಯವಿದ್ದಲ್ಲಿ ಇನ್ನೊಬ್ಬರ ಸಮ್ಮತಿ ಬೇಕು ಎಂಬ ಅರಿವು ಅಲ್ಲಿದೆ. ಆದರೆ ಸಮ್ಮತಿ ಕೊಡಬೇಕಾದವನನ್ನು ಸೂಚಿಸಲು ಬಳಸಿರುವ ಶಬ್ದ ‘ಈಶ್ವರ’, ಅಂದರೆ ಪ್ರಭು, ಅಧಿಕಾರವುಳ್ಳವನು. ಯಾರ ದೇಹಕ್ಕೆ ಶಸ್ತ್ರ ತಾಗುತ್ತದೆಯೋ ಅವನೇ ತನ್ನ ದೇಹದ ಈಶ್ವರ ಎಂಬ ತಿಳಿವಳಿಕೆ ಕಾನೂನಿನ ಮಾತಾಗಿ ಬರಲು ಬಹುಕಾಲ ಹಿಡಿಯಿತು.

ಎಂಟು ವ್ರಣಗಳು

ಜೈನ ಸಾಹಿತ್ಯದಲ್ಲಿ ಶಸ್ತ್ರವೈದ್ಯದ ಪ್ರಸಕ್ತಿ ಎಂದೊಡನೆ ನಮಗೆ ನೆನಪಾಗುವುದು ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಮಾಂಸವನ್ನು ಔಷಧವೆಂದು ಸಮರ್ಥಿಸುವವರನ್ನು ಖಂಡಿಸಿದ ಆಚಾರ್ಯ ಇವನು. ತನಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ನೆನೆಯುವಾಗ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ಹೆಸರಿಸುತ್ತಾನೆ. ಅಹಿಂಸೆಯನ್ನು ಪರಮಧರ್ಮವೆಂದವರು ಶಸ್ತ್ರವನ್ನು ವರ್ಜಿಸಿರಬೇಕೆಂಬ ಊಹೆ ತಪ್ಪು ಎಂಬುದಕ್ಕೆ ಇಷ್ಟೇ ಸಾಕು. ಉಗ್ರಾದಿತ್ಯನ ನಿಷೇಧ ಮಾಂಸಕ್ಕೆ ಇತ್ತು. ಶಲ್ಯತಂತ್ರ ಅವನ ಗ್ರಂಥದ ಅಂಗವೇ ಆಗಿತ್ತು.

ಆದರೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದ ಪ್ರಸಂಗವಿರುವುದು ಶ್ವೇತಾಂಬರ ಪರಂಪರೆಯ ‘ಆವಶ್ಯಕ ನಿರ್ಯುಕ್ತಿ’ಯಲ್ಲಿ. ಭದ್ರಬಾಹುವಿನ ಹೆಸರಿನಲ್ಲಿ ಪ್ರಸಿದ್ಧವಾದ ಈ ಪ್ರಾಕೃತ ಗ್ರಂಥದ ಕಾಯೋತ್ಸರ್ಗ ಪ್ರಕರಣದಲ್ಲಿ ಕಾಯೋತ್ಸರ್ಗಕ್ಕೆ ‘ವ್ರಣಚಿಕಿತ್ಸೆ’ ಎಂಬ ಹೆಸರಿದೆ. ವ್ರತದಲ್ಲಿ ಉಂಟಾದ ದೋಷ ಆತ್ಮನ ವ್ರಣ. ಪ್ರಾಯಶ್ಚಿತ್ತ ಅದರ ಚಿಕಿತ್ಸೆ. ಈ ಹೋಲಿಕೆಯನ್ನು ಸ್ಪಷ್ಟಪಡಿಸಲು ನಿರ್ಯುಕ್ತಿಕಾರ ಮುಳ್ಳು ಚುಚ್ಚಿ ಆದ ದೇಹದ ಗಾಯವನ್ನು ಎಂಟು ಮೆಟ್ಟಿಲುಗಳಲ್ಲಿ ವಿವರಿಸುತ್ತಾನೆ.

ಮೊದಲನೆಯದು ತೆಳ್ಳಗಿನ ಮೊಂಡು ಮುಳ್ಳು, ಚರ್ಮಕ್ಕಷ್ಟೇ ಹತ್ತಿದ್ದು, ರಕ್ತ ಬಂದಿಲ್ಲ. ಅದನ್ನು ಕಿತ್ತೆಸೆದರೆ ಆಯಿತು, ಗಾಯವನ್ನು ಉಜ್ಜಲೂ ಬೇಕಿಲ್ಲ. ಎರಡನೆಯದರಲ್ಲಿ ಕಿತ್ತ ಮೇಲೆ ಗಾಯವನ್ನು ಉಜ್ಜಬೇಕು. ಮೂರನೆಯದು ಇನ್ನೂ ಆಳ. ಕೀಳುವುದು, ಉಜ್ಜುವುದು, ತುಂಬುವುದು ಮೂರೂ ಬೇಕು. ನಾಲ್ಕನೆಯದರಲ್ಲಿ ವೇದನೆಯಾಗದಿರಲೆಂದು ರಕ್ತವನ್ನು ಹರಿಯಬಿಡಬೇಕು. ಐದನೆಯದರಲ್ಲಿ ಬೇಗ ಮಾಯಲೆಂದು ಚಲನವಲನವನ್ನು ತಡೆಯಬೇಕು. ಆರನೆಯದರಲ್ಲಿ ಹಿತಮಿತ ಆಹಾರ ಅಥವಾ ಉಪವಾಸ. ಏಳನೆಯದರಲ್ಲಿ ಕೊಳೆತ ಮಾಂಸವನ್ನು, ಎಷ್ಟು ಕೊಳೆತಿದೆಯೋ ಅಷ್ಟನ್ನು ಮಾತ್ರ, ಕತ್ತರಿಸಬೇಕು. ಅದರಿಂದಲೂ ನಿಲ್ಲದೆ ಗೋನಸವೆಂಬ ಹಾವು ಕಚ್ಚಿದಾಗಿನಂತೆ ಕೆಡುಕು ಹರಡುತ್ತಿದ್ದರೆ, ಉಳಿದ ದೇಹದ ರಕ್ಷಣೆಗಾಗಿ ಆ ಅಂಗವನ್ನು ಮೂಳೆಸಮೇತ ಛೇದಿಸಬೇಕು. ಇದು ಎಂಟನೆಯದು.

ಪ್ರಾಯಶ್ಚಿತ್ತಗಳೂ ಇದೇ ಏಣಿಯಲ್ಲಿ ಏರುತ್ತವೆ. ಕೆಲವು ದೋಷಗಳು ಗುರುವಿನ ಮುಂದೆ ಹೇಳಿಕೊಂಡ ಮಾತ್ರಕ್ಕೆ ಶುದ್ಧವಾಗುವಂಥವು, ಅದು ಆಲೋಚನೆ. ಮುಂದೆ ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪಸ್ಸು. ಏಳನೆಯ ಪ್ರಾಯಶ್ಚಿತ್ತದ ಹೆಸರೇ ಛೇದ, ಅಂದರೆ ಮುನಿಯ ದೀಕ್ಷಾಕಾಲದ ಹಿರಿತನದಲ್ಲಿ ಒಂದಷ್ಟನ್ನು ಕತ್ತರಿಸುವುದು. ದಿಗಂಬರರು ಮಾನ್ಯ ಮಾಡುವ ತತ್ತ್ವಾರ್ಥಸೂತ್ರದ ಒಂಬತ್ತು ಪ್ರಾಯಶ್ಚಿತ್ತಗಳ ಪಟ್ಟಿಯಲ್ಲಿಯೂ ಆಲೋಚನೆಯಿಂದ ಛೇದದವರೆಗಿನ ಕ್ರಮ ಇದೇ.

ಇದೊಂದು ರೂಪಕ, ವೈದ್ಯಗ್ರಂಥವಲ್ಲ ಎಂಬುದು ನಿಜ. ಆದರೆ ರೂಪಕ ಸಫಲವಾಗಬೇಕಾದರೆ ಓದುಗನಿಗೆ ಅದರ ಲೌಕಿಕ ಭಾಗ ಸುಪರಿಚಿತವಾಗಿರಬೇಕು. ಗಾಯಕ್ಕೆ ತಕ್ಕಷ್ಟೇ ಚಿಕಿತ್ಸೆ, ಕೆಳಗಿನ ಮೆಟ್ಟಿಲು ವಿಫಲವಾದಾಗ ಮಾತ್ರ ಮೇಲಿನದು, ಕತ್ತರಿಸುವಾಗಲೂ ಕೆಟ್ಟಷ್ಟೇ, ಅಂಗಚ್ಛೇದಕ್ಕೆ ಸಮರ್ಥನೆ ಉಳಿದ ದೇಹದ ರಕ್ಷಣೆ ಒಂದೇ ಎಂಬ ನಾಲ್ಕು ನಿಯಮಗಳು ಅಂದಿನ ಸಾಮಾನ್ಯ ತಿಳಿವಳಿಕೆಯಲ್ಲಿ ಇದ್ದುದರಿಂದಲೇ ಈ ಹೋಲಿಕೆ ನಿಲ್ಲುತ್ತದೆ.

ಇನ್ನೊಂದು ಪ್ರಸಂಗ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯದು. ಪರರಿಗೆ ದುಃಖವನ್ನುಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಸೂತ್ರ ಹೇಳಿದಾಗ, ಕೇಶಲೋಚ, ಉಪವಾಸ ಮೊದಲಾದ ದುಃಖಕರ ಆಚರಣೆಗಳೂ ಪಾಪವಾಗಬೇಕಲ್ಲ ಎಂಬ ಆಕ್ಷೇಪ ಬರುತ್ತದೆ. ಪೂಜ್ಯಪಾದರು ವೈದ್ಯನ ದೃಷ್ಟಾಂತದಿಂದ ಸಮಾಧಾನ ಹೇಳುತ್ತಾರೆ. ಪರಮ ಕರುಣಾಶಯನೂ ನಿಃಶಲ್ಯನೂ ಆದ ವೈದ್ಯನು ಮುನಿಯ ಮೈಮೇಲಿನ ಕುರುವನ್ನು ಸೀಳಿದರೆ ನೋವಾಗುವುದು ಸತ್ಯ. ಆದರೆ ಆ ಬಾಹ್ಯ ನಿಮಿತ್ತ ಮಾತ್ರದಿಂದ ಅವನಿಗೆ ಪಾಪಬಂಧವಾಗುವುದಿಲ್ಲ.

‘ನಿಃಶಲ್ಯ’ ಎಂಬ ವಿಶೇಷಣದಲ್ಲಿ ಇಡೀ ವಿಚಾರದ ಕೀಲು ಇದೆ. ಶಲ್ಯವೆಂದರೆ ವೈದ್ಯನು ರೋಗಿಯ ಮೈಯಿಂದ ಕೀಳುವ ಮುಳ್ಳು. ಜೈನ ಪರಿಭಾಷೆಯಲ್ಲಿ ಮಾಯೆ, ಮಿಥ್ಯಾತ್ವ, ನಿದಾನ ಎಂದು ಶಲ್ಯಗಳು ಮೂರು. ವೈದ್ಯಶಾಸ್ತ್ರದಲ್ಲಿ ನಿದಾನವೆಂದರೆ ರೋಗದ ಕಾರಣವನ್ನು ಕಂಡುಹಿಡಿಯುವುದು. ಜೈನಶಾಸ್ತ್ರದಲ್ಲಿ ನಿದಾನವೆಂದರೆ ಫಲದ, ಭೋಗದ ಆಸೆ. ರೋಗಿಯ ಮೈಯ ಶಲ್ಯವನ್ನು ತೆಗೆಯುವವನ ಮನಸ್ಸಿನಲ್ಲಿ ಶಲ್ಯವಿರಬಾರದು. ಮೊದಲನೆಯ ನಿದಾನದೊಳಗೆ ಎರಡನೆಯ ನಿದಾನ ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಕಾಲದ ಚರಿತ್ರೆ ತೋರಿಸಿದೆ.

ನೋವಿನ ತಡೆ ಇಲ್ಲವಾದ ಮೇಲೆ

ಪ್ರಾಚೀನ ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ಎರಡು ಸಹಜ ಕಡಿವಾಣಗಳಿದ್ದವು: ಸಹಿಸಲಾಗದ ನೋವು ಮತ್ತು ಗಾಯ ಕೀತು ಸಾಯುವ ಭಯ. ರೋಗಿ ಬೇರೆ ಗತಿಯಿಲ್ಲವೆಂದಾದಾಗ ಮಾತ್ರ ಒಪ್ಪುತ್ತಿದ್ದ. 1846ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಸಾರ್ವಜನಿಕ ಪ್ರದರ್ಶನ ನಡೆಯಿತು. 1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯದ ಸೋಂಕನ್ನು ತಡೆಯುವ ವಿಧಾನವನ್ನು ಪ್ರಕಟಿಸಿದ. ಎರಡೂ ಕಡಿವಾಣಗಳು ಸಡಿಲಗೊಂಡವು. ಅಸಂಖ್ಯಾತ ಜೀವಗಳು ಉಳಿದವು. ಜೊತೆಗೆ, ಮಾಡಲೇಬೇಕಾದ ಶಸ್ತ್ರಕ್ರಿಯೆಗಳ ಪಕ್ಕದಲ್ಲಿ ಮಾಡಬಹುದಾದವುಗಳ ದೊಡ್ಡ ವಲಯವೊಂದು ಹುಟ್ಟಿಕೊಂಡಿತು. ಆ ವಲಯದಲ್ಲಿ ತೀರ್ಮಾನ ಹೇಗೆ ಆಗುತ್ತದೆ ಎಂಬುದನ್ನು ಬಯಲು ಮಾಡಿದ್ದು ಒಂದು ಸಣ್ಣ ಶಸ್ತ್ರಕ್ರಿಯೆ, ಮಕ್ಕಳ ಗಂಟಲಿನ ಟಾನ್ಸಿಲ್ ತೆಗೆಯುವುದು.

1934ರಲ್ಲಿ ಪ್ರಕಟವಾದ ನ್ಯೂಯಾರ್ಕ್ ನಗರದ ಸಮೀಕ್ಷೆಯಲ್ಲಿ 1,000 ಶಾಲಾ ಮಕ್ಕಳನ್ನು ನೋಡಲಾಯಿತು. ಅವರಲ್ಲಿ 611 ಮಕ್ಕಳ ಟಾನ್ಸಿಲ್ ಆಗಲೇ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರು ಪರೀಕ್ಷಿಸಿ 174 ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕೆಂದರು. ಬೇಡವೆಂದ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದಾಗ ಅವರಲ್ಲಿ 99 ಮಕ್ಕಳಿಗೆ ಬೇಕೆಂಬ ಉತ್ತರ ಬಂತು. ಉಳಿದ 116 ಮಕ್ಕಳನ್ನು ಮೂರನೆಯ ಸಲ ತೋರಿಸಿದಾಗ ಮತ್ತೆ 51 ಮಕ್ಕಳ ಹೆಸರು ಸೇರಿತು. ಮೂರು ಸುತ್ತಿನ ನಂತರ ಶಸ್ತ್ರ ಬೇಡವೆನಿಸಿಕೊಂಡವರು ಸಾವಿರದಲ್ಲಿ 65 ಮಕ್ಕಳು ಮಾತ್ರ. ಪ್ರತಿ ಸುತ್ತಿನಲ್ಲಿಯೂ ಸುಮಾರು ನೂರಕ್ಕೆ 45ರ ಪ್ರಮಾಣ ಬದಲಾಗಲಿಲ್ಲ. ವೈದ್ಯರು ಮಗುವಿನ ಗಂಟಲನ್ನು ನೋಡುತ್ತಿದ್ದರು ನಿಜ. ಆದರೆ ಇಷ್ಟು ಮಕ್ಕಳಿಗಾದರೂ ಬೇಕಾಗಿರುತ್ತದೆ ಎಂಬ ಪೂರ್ವಭಾವನೆ ಅವರ ಕಣ್ಣಿಗಿಂತ ಮುಂದಿತ್ತು.

1938ರಲ್ಲಿ ಇಂಗ್ಲೆಂಡಿನ ಜೆ. ಆಲಿಸನ್ ಗ್ಲೋವರ್ ಅಲ್ಲಿನ ಶಾಲಾ ಮಕ್ಕಳ ಅಂಕಿಗಳನ್ನು ಮಂಡಿಸಿದ. ಅಕ್ಕಪಕ್ಕದ ಊರುಗಳ ನಡುವೆಯೇ ಟಾನ್ಸಿಲ್ ಶಸ್ತ್ರಕ್ರಿಯೆಯ ಪ್ರಮಾಣದಲ್ಲಿ ಹಲವು ಪಟ್ಟು ವ್ಯತ್ಯಾಸ ಕಂಡಿತು. ಹವಾಮಾನ, ಬಡತನ, ಮನೆಗಳ ಇಕ್ಕಟ್ಟು ಯಾವುದರಿಂದಲೂ ಅದನ್ನು ವಿವರಿಸಲಾಗಲಿಲ್ಲ. ಅನುಕೂಲಸ್ಥರ ಮಕ್ಕಳಲ್ಲಿಯೇ ಈ ಶಸ್ತ್ರಕ್ರಿಯೆ ಹೆಚ್ಚು. ಲಂಡನ್ನಿನ ಸಮೀಪದ ಹಾರ್ನ್‌ಸೀಯಲ್ಲಿ 1928ರಲ್ಲಿ 186 ಮಕ್ಕಳಿಗೆ ಆದ ಕ್ರಿಯೆ 1929ರಲ್ಲಿ ಕೇವಲ 12 ಮಕ್ಕಳಿಗೆ ಆಯಿತು. ಆ ಊರಿನ ಗಾಳಿನೀರು ಬದಲಾಗಿರಲಿಲ್ಲ. ಶಾಲಾ ವೈದ್ಯಾಧಿಕಾರಿ ಬದಲಾಗಿದ್ದರು.

ಇದನ್ನು ವಿಜ್ಞಾನವಾಗಿ ಬೆಳೆಸಿದವನು ಅಮೆರಿಕದ ಜಾನ್ ವೆನ್‌ಬರ್ಗ್. 1973ರಲ್ಲಿ ಅಲನ್ ಗಿಟಲ್‌ಸನ್ ಜೊತೆಗೂಡಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ವರ್ಮಾಂಟ್ ರಾಜ್ಯದ 13 ಆಸ್ಪತ್ರೆ ಪ್ರದೇಶಗಳನ್ನು ಹೋಲಿಸಿದ. ಒಂದು ಪ್ರದೇಶದಲ್ಲಿ 10,000 ಜನರಿಗೆ 13 ಟಾನ್ಸಿಲ್ ಶಸ್ತ್ರಕ್ರಿಯೆಗಳಾದರೆ ಇನ್ನೊಂದರಲ್ಲಿ 151. ವೈದ್ಯರಿಗೆ ಈ ಅಂಕಿಗಳನ್ನು ತೋರಿಸಿದ ಮೇಲೆ ಅತ್ಯಧಿಕ ಪ್ರಮಾಣವಿದ್ದ ಪ್ರದೇಶದಲ್ಲಿ ಅದು ಗಣನೀಯವಾಗಿ ಇಳಿಯಿತು. ಅವರಲ್ಲಿ ಬಹುಪಾಲು ಜನರಿಗೆ ತಾವು ನೆರೆಯವರಿಗಿಂತ ಭಿನ್ನವಾಗಿ ನಡೆಯುತ್ತಿದ್ದೇವೆಂಬ ಅರಿವೇ ಇರಲಿಲ್ಲ. ಆದಕಾರಣ ಇದನ್ನು ಕೇವಲ ದುರಾಸೆಯ ಕಥೆಯೆಂದು ಓದುವುದು ಅನ್ಯಾಯವಾಗುತ್ತದೆ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನಿದಾನಶಲ್ಯಕ್ಕಿಂತ ಮಿಥ್ಯಾತ್ವಶಲ್ಯವೇ ಪ್ರಬಲವಾಗಿತ್ತು.

ಏರಿಳಿತದ ಏಣಿ

ವೆನ್‌ಬರ್ಗ್ ಮತ್ತು ಅವನ ಸಹೋದ್ಯೋಗಿಗಳ ಮುಖ್ಯ ಕೊಡುಗೆ ಒಂದು ಹೊಸ ಅಳತೆಗೋಲು. ಯಾವುದೇ ಶಸ್ತ್ರಕ್ರಿಯೆಯ ಪ್ರಮಾಣ ಊರಿಂದೂರಿಗೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ಅಳೆದರೆ, ಅದರಲ್ಲಿ ವೈದ್ಯನ ವಿವೇಚನೆಯ ಪಾಲು ಎಷ್ಟೆಂಬುದು ತಿಳಿಯುತ್ತದೆ. ಮುದುಕರ ಸೊಂಟದ ಮೂಳೆ ಮುರಿತವನ್ನು ತೆಗೆದುಕೊಳ್ಳೋಣ. ಬಿದ್ದವರಿಗೆ ಏಳಲಾಗುವುದಿಲ್ಲ, ಎಕ್ಸರೇ ಸಂಶಯಕ್ಕೆ ಎಡೆಗೊಡುವುದಿಲ್ಲ, ಚಿಕಿತ್ಸೆಯ ಬಗ್ಗೆ ವೈದ್ಯರಲ್ಲಿ ಭಿನ್ನಮತವಿಲ್ಲ. ಆದ್ದರಿಂದ ಶಸ್ತ್ರಕ್ರಿಯೆಯ ಪ್ರಮಾಣ ಮುರಿತದ ಪ್ರಮಾಣವನ್ನೇ ಹಿಂಬಾಲಿಸುತ್ತದೆ. ಏಣಿಯ ಕೆಳಗಿನ ಮೆಟ್ಟಿಲು ಇದು. ಮೇಲೆ ಹೋದಂತೆ ಪ್ರಮಾಣವು ರೋಗವನ್ನು ಬಿಟ್ಟು ವೈದ್ಯನನ್ನು ಹಿಂಬಾಲಿಸತೊಡಗುತ್ತದೆ.

1982ರಲ್ಲಿ ನ್ಯೂ ಇಂಗ್ಲೆಂಡ್, ಇಂಗ್ಲೆಂಡ್ ಮತ್ತು ನಾರ್ವೆಗಳನ್ನು ಹೋಲಿಸಿದ ಅಧ್ಯಯನ ಪ್ರಕಟವಾಯಿತು. ಮೂರೂ ಕಡೆ ವೈದ್ಯರಿಗೆ ಸಂಭಾವನೆ ಸಿಗುವ ವ್ಯವಸ್ಥೆ ಬೇರೆ ಬೇರೆ. ಒಟ್ಟು ಶಸ್ತ್ರಕ್ರಿಯೆಗಳ ಸಂಖ್ಯೆಯೂ ಬೇರೆ. ಆದರೂ ಏರಿಳಿತದ ಕ್ರಮ ಒಂದೇ ಆಗಿತ್ತು. ಅಪೆಂಡಿಕ್ಸ್, ಹರ್ನಿಯಾ, ಪಿತ್ತಕೋಶದ ಶಸ್ತ್ರಕ್ರಿಯೆಗಳಲ್ಲಿ ಏರಿಳಿತ ಕಡಿಮೆ. ಟಾನ್ಸಿಲ್, ಮೂಲವ್ಯಾಧಿ, ಗರ್ಭಕೋಶ, ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಕ್ರಿಯೆಗಳಲ್ಲಿ ಹೆಚ್ಚು. ಸುಶ್ರುತ ನಾಲ್ಕು ಉಪಾಯಗಳ ನಡುವೆ ವಿವೇಚಿಸಿ ಆರಿಸಬೇಕೆಂದ ಮೂಲವ್ಯಾಧಿ ಈ ಎರಡನೆಯ ಗುಂಪಿನಲ್ಲಿರುವುದು ಆಕಸ್ಮಿಕವಲ್ಲ. ಒಂದಕ್ಕಿಂತ ಹೆಚ್ಚು ದಾರಿಯಿರುವ ರೋಗದಲ್ಲಿಯೇ ವಿವೇಚನೆಗೆ ಎಡೆಯಿರುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಬ್ರಿಟನ್ನಿನಲ್ಲಿ 2004ರಿಂದ ಬಳಕೆಯಲ್ಲಿರುವ ವರ್ಗೀಕರಣವು ಶಸ್ತ್ರಕ್ರಿಯೆಗಳನ್ನು ತಕ್ಷಣದ್ದು, ತುರ್ತಿನದು, ತ್ವರಿತವಾಗಿ ಆಗಬೇಕಾದದ್ದು, ಯೋಜಿತವಾದದ್ದು ಎಂದು ನಾಲ್ಕಾಗಿಸುತ್ತದೆ. ಮೊದಲನೆಯದಕ್ಕೆ ನಿಮಿಷಗಳ, ಎರಡನೆಯದಕ್ಕೆ ಗಂಟೆಗಳ, ಮೂರನೆಯದಕ್ಕೆ ದಿನಗಳ ಲೆಕ್ಕ. ಇದು ಗಡಿಯಾರದ ಅಳತೆ. ವೆನ್‌ಬರ್ಗನದು ವಿವೇಚನೆಯ ಅಳತೆ. ‘ಐಚ್ಛಿಕ’ ಎಂಬ ಒಂದೇ ಶಬ್ದ ಎರಡಕ್ಕೂ ಬಳಕೆಯಾಗುತ್ತಿರುವುದರಿಂದ ಅನರ್ಥವಾಗುತ್ತದೆ. ಸ್ತನದ ಕ್ಯಾನ್ಸರ್ ಗಡ್ಡೆಯನ್ನು ತೆಗೆಯುವುದು ಇವತ್ತು ರಾತ್ರಿಯೇ ಆಗಬೇಕಾದುದಲ್ಲ, ದಿನ ಗೊತ್ತುಪಡಿಸಿ ಮಾಡಬಹುದು. ಹಾಗೆಂದು ಅದು ಮಾಡಿದರೂ ಸರಿ ಬಿಟ್ಟರೂ ಸರಿ ಎನ್ನುವಂಥದೂ ಅಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಐಚ್ಛಿಕ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದಾಗ, ಮುಂದೂಡಬಹುದಾದದ್ದೂ ಬೇಡವಾದದ್ದೂ ಒಂದೇ ಅಲ್ಲ ಎಂಬುದು ಅನೇಕ ಕುಟುಂಬಗಳಿಗೆ ಅನುಭವದಿಂದ ತಿಳಿಯಿತು.

ಕರ್ನಾಟಕದಲ್ಲಿ 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯೂ ಚಿಕಿತ್ಸೆಗಳನ್ನು ಸರಳ ದ್ವಿತೀಯ ಹಂತ, ಸಂಕೀರ್ಣ ದ್ವಿತೀಯ ಹಂತ, ತೃತೀಯ ಹಂತ, ತುರ್ತು ಎಂದು ವರ್ಗೀಕರಿಸಿತು. ತುರ್ತು ಚಿಕಿತ್ಸೆಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು; ಸಂಕೀರ್ಣ ಹಾಗೂ ತೃತೀಯ ಹಂತದ ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಕಾಗದಪತ್ರದ ತೊಡಕೆಂದು ಇದನ್ನು ದೂರುವವರುಂಟು. ಆದರೆ ತತ್ತ್ವತಃ ಇದು ಲಾಭವಿಲ್ಲದ ಇನ್ನೊಬ್ಬ ವೈದ್ಯನ ಕಣ್ಣಿಗೆ ರೋಗಿಯನ್ನು ತೋರಿಸುವ ಏರ್ಪಾಡು.

ಗರ್ಭಕೋಶದ ಪ್ರಶ್ನೆ

ಅಂತಹ ಕಣ್ಣು ಇಲ್ಲದಿದ್ದಾಗ ಏನಾಯಿತೆಂಬುದಕ್ಕೆ ಕಲಬುರಗಿ ಜಿಲ್ಲೆಯೇ ಸಾಕ್ಷಿ. ಸುಮಾರು 2015ರ ವೇಳೆಗೆ ಅಲ್ಲಿನ ತಾಂಡಾಗಳ ಲಂಬಾಣಿ ಮಹಿಳೆಯರು, ಹಳ್ಳಿಗಳ ದಲಿತ ಮಹಿಳೆಯರು ಬೀದಿಗಿಳಿದು ತಮಗಾದ ಅನ್ಯಾಯವನ್ನು ಹೇಳಿದರು. ಸೊಂಟನೋವು, ಬಿಳಿಸೆರಗು, ಹೊಟ್ಟೆನೋವೆಂದು ಖಾಸಗಿ ಆಸ್ಪತ್ರೆಗಳಿಗೆ ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆಯಲಾಗಿತ್ತು. ಅವರಲ್ಲಿ ನಲವತ್ತು ತುಂಬದವರು ಬಹಳ ಮಂದಿ. ಔಷಧದಿಂದ ಹೋಗಬಹುದಾಗಿದ್ದ ಸೋಂಕಿಗೆ ಏಣಿಯ ಕೊನೆಯ ಮೆಟ್ಟಿಲನ್ನೇ ಮೊದಲು ಹತ್ತಿಸಲಾಗಿತ್ತು. ಎಂಟು ವ್ರಣಗಳ ಭಾಷೆಯಲ್ಲಿ ಹೇಳುವುದಾದರೆ, ಚರ್ಮಕ್ಕೆ ಹತ್ತಿದ ಮುಳ್ಳಿಗಾಗಿ ಅಂಗಚ್ಛೇದ.

ಇದು ಕಲಬುರಗಿಯೊಂದರ ಕಥೆಯಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಆಂಧ್ರಪ್ರದೇಶದಲ್ಲಿ ಆ ಪ್ರಮಾಣ ನೂರಕ್ಕೆ ಸುಮಾರು 9. ಗ್ಲೋವರ್ ಇಂಗ್ಲೆಂಡಿನ ಊರುಗಳಲ್ಲಿ ಕಂಡ ಏರಿಳಿತ ಇಲ್ಲಿ ರಾಜ್ಯಗಳ ನಡುವೆ ಕಾಣುತ್ತದೆ. ಒಂದು ವ್ಯತ್ಯಾಸವುಂಟು. ಅಲ್ಲಿ ಅನುಕೂಲಸ್ಥರ ಮಕ್ಕಳು ಹೆಚ್ಚಾಗಿ ಶಸ್ತ್ರಕ್ಕೆ ಒಳಗಾದರು. ಇಲ್ಲಿ ಬೇಡವೆನ್ನುವ ಬಲವಿಲ್ಲದವರು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂತಹ ಪ್ರಕರಣಗಳ ಬಗ್ಗೆ ವೈದ್ಯರೊಬ್ಬರು ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್ 5ರಂದು ಇತ್ಯರ್ಥಪಡಿಸಿತು. ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಗಳು ಆ ಮಾರ್ಗಸೂಚಿಯ ಭಾಗ.

ಸಮ್ಮತಿಯ ಪ್ರಶ್ನೆಗೆ ಇದೇ ನ್ಯಾಯಾಲಯ ಅದಕ್ಕೂ ಮೊದಲು, 2008ರ ಜನವರಿಯಲ್ಲಿ, ಒಂದು ಮಹತ್ವದ ಉತ್ತರ ಕೊಟ್ಟಿತ್ತು. ಪ್ರಕರಣವಿಷ್ಟು: ಅವಿವಾಹಿತೆಯಾದ ಪ್ರೌಢ ಮಹಿಳೆಯೊಬ್ಬರು ರೋಗಪತ್ತೆಯ ಪರೀಕ್ಷೆಗೆ ಒಪ್ಪಿ ಅರಿವಳಿಕೆಗೆ ಒಳಗಾಗಿದ್ದರು. ಅವರು ಪ್ರಜ್ಞೆ ತಪ್ಪಿದ್ದಾಗ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯಲಾಯಿತು. ಜೀವ ಉಳಿಸುವ ತುರ್ತು ಇರಲಿಲ್ಲವಾದ್ದರಿಂದ ಆಕೆ ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಆಕೆಯ ಒಪ್ಪಿಗೆಯಾಗದು ಎಂದು ನ್ಯಾಯಾಲಯ ತೀರ್ಪಿತ್ತಿತು. ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದೂ ಹೇಳಿತು. ವರ್ಗೀಕರಣದ ಮಹತ್ತ್ವ ಇಲ್ಲಿ ಕಾಣುತ್ತದೆ. ತುರ್ತಾಗಿದ್ದರೆ ವೈದ್ಯನ ಕೃತ್ಯ ಸಮರ್ಥನೀಯವಾಗುತ್ತಿತ್ತು. ತುರ್ತಲ್ಲದ್ದರಿಂದಲೇ ಆಕೆಯ ಇಚ್ಛೆ ಅನಿವಾರ್ಯವಾಯಿತು. ಸುಶ್ರುತನ ‘ಈಶ್ವರ’ ಪದಕ್ಕೆ ಹೊಸ ಅರ್ಥ ದೊರೆತದ್ದು ಹೀಗೆ.

ಇಚ್ಛೆಗೆ ಅರಿವು ಬೇಕು

ಹಾಗಾದರೆ ವಿವೇಚನೆಯ ವಲಯದಲ್ಲಿ ಸರಿಯಾದ ಪ್ರಮಾಣ ಯಾವುದು? ಹೆಚ್ಚಿನ ಅಂಕಿಯೆಲ್ಲ ತಪ್ಪು, ಕಡಿಮೆಯದೆಲ್ಲ ಸರಿ ಎನ್ನಲಾಗದು. ಕಡಿಮೆ ಇರುವಲ್ಲಿ ಬೇಕಾದವರಿಗೂ ಚಿಕಿತ್ಸೆ ಸಿಗದೇ ಇರಬಹುದು. ಪಕ್ವವನ್ನು ಉಪೇಕ್ಷಿಸುವವನ ದೋಷ ಅದು. ಪ್ರಾಸ್ಟೇಟ್ ತೊಂದರೆಯ ಗಂಡಸರನ್ನು ವೆನ್‌ಬರ್ಗ್ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ ಒಂದು ಸಂಗತಿ ಹೊರಬಿತ್ತು. ಒಂದೇ ತೀವ್ರತೆಯ ಲಕ್ಷಣವಿದ್ದರೂ ಅದರಿಂದ ಆಗುವ ಬೇಸರ ಒಬ್ಬೊಬ್ಬರಿಗೆ ಒಂದೊಂದು ಬಗೆ. ರಾತ್ರಿ ಮೂರು ಸಲ ಏಳುವುದನ್ನು ಒಬ್ಬ ಲೆಕ್ಕಿಸುವುದಿಲ್ಲ, ಇನ್ನೊಬ್ಬನಿಗೆ ಅದು ಅಸಹ್ಯ. ಶಸ್ತ್ರಕ್ರಿಯೆಯ ಪಾರ್ಶ್ವಫಲಗಳನ್ನು ಕುರಿತ ಭಯವೂ ಹಾಗೆಯೇ. ಇದನ್ನು ವೈದ್ಯ ಪರೀಕ್ಷೆಯಿಂದ ತಿಳಿಯಲಾರ, ಕೇಳಿ ತಿಳಿಯಬೇಕು. ಇಂತಹ ಶಸ್ತ್ರಕ್ರಿಯೆಗಳನ್ನು ವೆನ್‌ಬರ್ಗ್ ರೋಗಿಯ ಒಲವನ್ನು ಅವಲಂಬಿಸಿದ ಚಿಕಿತ್ಸೆ ಎಂದು ಪ್ರತ್ಯೇಕಿಸಿದ. ಅಲ್ಲಿ ಸರಿಯಾದ ಪ್ರಮಾಣವೆಂದರೆ, ಎಲ್ಲವನ್ನೂ ತಿಳಿದ ರೋಗಿಗಳು ತಾವಾಗಿ ಆರಿಸಿಕೊಂಡಾಗ ಬರುವ ಪ್ರಮಾಣ. ಅದನ್ನು ಮುಂಚಿತವಾಗಿ ಯಾರೂ ಹೇಳಲಾರರು.

ಆದ್ದರಿಂದ ನಮ್ಮ ಮೊದಲ ಪ್ರಶ್ನೆಗೆ ಚರಿತ್ರೆಯ ಉತ್ತರ ಹೀಗಿದೆ: ಐಚ್ಛಿಕವೆಂದು ಕರೆಯಲಾದ ಶಸ್ತ್ರಕ್ರಿಯೆಗಳಲ್ಲಿ ಇಚ್ಛೆ ಬಹುಮಟ್ಟಿಗೆ ವೈದ್ಯನದಾಗಿತ್ತು, ರೋಗಿ ಅದನ್ನು ಅನಿವಾರ್ಯವೆಂದು ತಿಳಿದು ಒಪ್ಪುತ್ತಿದ್ದ. ಕಲಬುರಗಿಯ ಮಹಿಳೆಯರಲ್ಲಿ ಯಾರೂ ಐಚ್ಛಿಕ ಶಸ್ತ್ರಚಿಕಿತ್ಸೆಗೆಂದು ಹೋಗಿರಲಿಲ್ಲ. ಮಾಡದಿದ್ದರೆ ಸಾವು ಎಂಬ ಮಾತನ್ನು ನಂಬಿ ಹೋಗಿದ್ದರು. ಸುಶ್ರುತ ಅಶ್ಮರಿಯ ವಿಷಯದಲ್ಲಿ ಸತ್ಯವಾಗಿ ಆಡಿದ ಮಾತನ್ನು ಅವರಿಗೆ ಸುಳ್ಳಾಗಿ ಹೇಳಲಾಗಿತ್ತು. ಮಾಯಾಶಲ್ಯವೆಂದರೆ ಇದೇ.

ತುರ್ತಲ್ಲದ ಶಸ್ತ್ರಕ್ರಿಯೆಯನ್ನು ಸೂಚಿಸಿದಾಗ ಕೇಳಬೇಕಾದ ಪ್ರಶ್ನೆಗಳು ಹಳೆಯ ಗ್ರಂಥಗಳಲ್ಲಿಯೇ ಅಡಗಿವೆ. ಇದಕ್ಕಿಂತ ಕೆಳಗಿನ ಮೆಟ್ಟಿಲುಗಳನ್ನು ಹತ್ತಿ ನೋಡಿದ್ದಾಗಿದೆಯೇ? ಮಾಡದೆ ಬಿಟ್ಟರೆ ಏನಾಗುತ್ತದೆ, ಎಷ್ಟು ದಿನದಲ್ಲಿ? ಮಾಡಿದರೆ ಸಿದ್ಧಿ ಎಷ್ಟು ನಿಶ್ಚಿತ? ತೆಗೆಯುವುದು ಕೆಟ್ಟಷ್ಟನ್ನು ಮಾತ್ರವೇ? ಕೇಳುವುದು ಅವಿನಯವಲ್ಲ. ಆಲೋಚನೆ ಎಂಬ ಮೊದಲ ಪ್ರಾಯಶ್ಚಿತ್ತದ ಅರ್ಥ ಮುಚ್ಚಿಡದೆ ಎದುರಿಗೆ ಹೇಳುವುದು. ಅಲ್ಲಿ ಶಿಷ್ಯ ಗುರುವಿಗೆ ಹೇಳುತ್ತಾನೆ; ಆಸ್ಪತ್ರೆಯಲ್ಲಿ ಹೇಳಬೇಕಾದವನು ವೈದ್ಯ. ಹಾಗೆ ಎಲ್ಲವನ್ನೂ ಕೇಳಿ ತಿಳಿದ ಮೇಲೆ ರೋಗಿ ‘ಆಗಲಿ’ ಎಂದರೂ ಸರಿ, ‘ಬೇಡ’ ಎಂದರೂ ಸರಿ. ಆಗ ಮಾತ್ರ ಆ ಶಸ್ತ್ರಚಿಕಿತ್ಸೆಗೆ ಐಚ್ಛಿಕ ಎಂಬ ಹೆಸರು ಸಲ್ಲುತ್ತದೆ.